ಸೀಟು ಸಿಕ್ಕಿದೆ, ಸೇರಬೇಕೆ?

ಡಿಗ್ರಿಯ ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದು, ಫಲಿತಾಂಶ ಇನ್ನೂ ಬಾರದ ಆ ಕೆಲವು ವಾರಗಳಲ್ಲಿ ನಮ್ಮ ತಾಲ್ಲೂಕು ಊರುಗಳ ಮನೆಮನೆಯಲ್ಲೂ ಒಂದೇ ಮಾತು. ಮುಂದೆ ಎಂ.ಎಸ್ಸಿ.ಯೋ ಎಂ.ಎ.ಯೋ ಮಾಡುವುದಾದರೆ ಯೂನಿವರ್ಸಿಟಿಗೆ ಹೋಗುವುದೋ, ಹತ್ತಿರದ ಖಾಸಗಿ ಕಾಲೇಜಿಗೆ ಸೇರಿಬಿಡುವುದೋ? ಅಪ್ಪ ಗೊತ್ತಿರುವ ಮೇಷ್ಟರೊಬ್ಬರಿಗೆ ಫೋನು ಮಾಡುತ್ತಾರೆ. “ಸಾರ್, ಯೂನಿವರ್ಸಿಟಿ ಹೆಂಗೆ?” ಮೇಷ್ಟರು ತಾವು ಓದಿದ ಕಾಲವನ್ನು ನೆನೆದು “ಕಣ್ಣು ಮುಚ್ಕೊಂಡು ಸೇರ್ಸಿ” ಎನ್ನುತ್ತಾರೆ. ಅಲ್ಲಿಂದಲೇ ಓದು ಮುಗಿಸಿ ಈಚೆಗೆ ಊರಿಗೆ ಬಂದಿರುವ ಪಕ್ಕದ ಬೀದಿಯ ಹುಡುಗ “ಬ್ಯಾಡ ಅಂಕಲ್, ಪಾಠನೇ ನಡೆಯಲ್ಲ” ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಓದಿದ್ದು ಒಂದು ವಿಭಾಗದಲ್ಲಿ, ಇನ್ನೊಬ್ಬ ಓದಿದ್ದು ಇನ್ನೊಂದರಲ್ಲಿ. ನಡುವೆ ಮೂವತ್ತು ವರ್ಷವೂ ಕಳೆದಿದೆ.

ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಹೇಗಿದೆ ಎಂದು ಕೇಳುವುದು ಒಂದು ಜಿಲ್ಲೆ ಹೇಗಿದೆ ಎಂದು ಕೇಳಿದ ಹಾಗೆ. ಅದರಲ್ಲಿ ನೀರಾವರಿ ಊರೂ ಇರುತ್ತದೆ, ಬೋರು ಬತ್ತಿದ ಊರೂ ಇರುತ್ತದೆ. ನೀವು ಹೋಗಿ ಇರುವುದು ಒಂದು ಊರಿನಲ್ಲಿ. ಆ ಊರನ್ನು ನೋಡದೆ ಜಿಲ್ಲೆಯ ಹೆಸರು ಕೇಳಿ ಗಂಟುಮೂಟೆ ಕಟ್ಟುವುದು, ಇಲ್ಲವೇ ಅದೇ ಹೆಸರು ಕೇಳಿ ಮೂಗು ಮುರಿಯುವುದು, ಎರಡೂ ಕೆಲಸಕ್ಕೆ ಬಾರದ ತೀರ್ಮಾನಗಳು ಎಂಬುದು ನನ್ನ ಅಭಿಪ್ರಾಯ.

ಪಿಯುಸಿ ಮುಗಿಸಿದವರ ಮನೆಯಲ್ಲಿ ಈ ಗೊಂದಲ ಇನ್ನೂ ದಟ್ಟವಾಗಿರುತ್ತದೆ. “ನಮ್ಮ ಮಗಳು ಬೆಂಗಳೂರು ಯೂನಿವರ್ಸಿಟಿಯಲ್ಲಿ ಬಿ.ಕಾಂ. ಓದ್ತಿದಾಳೆ” ಎನ್ನುವವರ ಮಗಳು ಅದರ ಜ್ಞಾನಭಾರತಿ ಕ್ಯಾಂಪಸ್ಸಿನ ಗೇಟು ದಾಟಿಯೇ ಇರುವುದಿಲ್ಲ. ಅವಳು ಓದುತ್ತಿರುವುದು ಆ ವಿ.ವಿ.ಯ ಸಂಯೋಜನೆ ಪಡೆದ ಯಾವುದೋ ಕಾಲೇಜಿನಲ್ಲಿ. ಪ್ರಶ್ನೆಪತ್ರಿಕೆ ವಿ.ವಿ.ಯದು, ಮಾರ್ಕ್ಸ್ ಕಾರ್ಡಿನ ಮೇಲಿನ ಲಾಂಛನ ವಿ.ವಿ.ಯದು, ಪಾಠ, ಮೇಷ್ಟರು, ಬೆಂಚು, ಶೌಚಾಲಯ ಎಲ್ಲವೂ ಕಾಲೇಜಿನದು. ನಮ್ಮಲ್ಲಿ ಪದವಿ ಹಂತದಲ್ಲಿ ವಿಶ್ವವಿದ್ಯಾಲಯ ಆಯ್ಕೆ ಮಾಡುವುದು ಎಂಬುದೇ ಹೆಚ್ಚುಕಡಿಮೆ ಇಲ್ಲ. ಆಯ್ಕೆ ಮಾಡುವುದು ಕಾಲೇಜನ್ನು. ಮೈಸೂರಿನ ಮಹಾರಾಜ, ಯುವರಾಜ, ಧಾರವಾಡದ ಕರ್ನಾಟಕ ಕಾಲೇಜಿನಂಥ ವಿ.ವಿ.ಯ ಸ್ವಂತ ಕಾಲೇಜುಗಳು ಮಾತ್ರ ಇದಕ್ಕೆ ಹೊರತು. ಹಾಗಾಗಿ ಈ ಲೇಖನ ಮುಖ್ಯವಾಗಿ ಕ್ಯಾಂಪಸ್ಸಿಗೇ ಹೋಗಿ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕುರಿತದ್ದು.

ಮೇಷ್ಟರ ಮಾತಿಗೆ ಆಧಾರವಿಲ್ಲದೆ ಇಲ್ಲ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಅದು ದೊಡ್ಡದೇನೂ ಆಗಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ ಅದರ ಕೈಕಾಲು. ಎಸ್. ರಾಧಾಕೃಷ್ಣನ್ 1918ರಲ್ಲಿ ಇಲ್ಲಿ ತತ್ವಶಾಸ್ತ್ರ ಪಾಠ ಮಾಡಲು ಬಂದರು. ಎಂ.ಎನ್. ಶ್ರೀನಿವಾಸ್ ಮಹಾರಾಜ ಕಾಲೇಜಿನಲ್ಲಿ ಓದಿದರು, ಎ.ಕೆ. ರಾಮಾನುಜನ್ ಕೂಡ. ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಸ್ನಾತಕೋತ್ತರ ವಿಭಾಗಗಳಿಗೆಂದೇ ಕ್ಯಾಂಪಸ್ ರೂಪುಗೊಂಡಿತು. 1960ರಲ್ಲಿ ಆರಂಭವಾದ ಅದಕ್ಕೆ ಅವರೇ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅತ್ತ ಉತ್ತರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು ಹದಿಮೂರು ವರ್ಷ ಕುಲಪತಿಯಾಗಿದ್ದು ಅಲ್ಲಿನ ಗುಡ್ಡವನ್ನು ಕ್ಯಾಂಪಸ್ ಮಾಡಿದರು.

ಆಮೇಲಿನದೆಲ್ಲ ಪಾಲಾಗುತ್ತ ಬಂದ ಕಥೆ. 1964ರಲ್ಲಿ ಬೆಂಗಳೂರು ಬೇರೆಯಾಯಿತು. ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಕೊಣಾಜೆಯ ಮಂಗಳಗಂಗೋತ್ರಿಯೂ ಧಾರವಾಡದ ಕೇಂದ್ರವಾಗಿದ್ದ ಕಲಬುರಗಿಯೂ 1980ರಲ್ಲಿ ಸ್ವತಂತ್ರವಾದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿ.ವಿ., 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ. ಇದು ಭೂಗೋಳದ ಪಾಲು. ಇದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ವಿಷಯವಾರು ಪಾಲು. 1996ರಲ್ಲಿ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ.ಗೆ ಹೋದವು, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯುಗೆ ಹೋದವು, 2009ರಲ್ಲಿ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿ.ವಿ.ಗೆ. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಎಂದು ಹಣ ತರುತ್ತಿದ್ದ ಕಾಲೇಜುಗಳು ಹೀಗೆ ಹೊರಟುಹೋಗಿ, ಹಳೆಯ ವಿ.ವಿ.ಗಳಲ್ಲಿ ಕಲೆ, ವಿಜ್ಞಾನ, ವಾಣಿಜ್ಯ ಉಳಿದವು. ಜೊತೆಗೆ ನಿವೃತ್ತರ ಪಿಂಚಣಿಯ ಹೊರೆಯೂ ಉಳಿಯಿತು. ಪಿಂಚಣಿ ಕೊಡಲು ದುಡ್ಡಿಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಗೆ ಅದು ತನಗೆ ಸಂಬಂಧಿಸಿದ್ದಲ್ಲ ಅನಿಸಬಹುದು. ಸಂಬಂಧ ಇದೆ. ಪಿಂಚಣಿಗೆ ಹೋದ ದುಡ್ಡು ಪ್ರಯೋಗಾಲಯಕ್ಕೆ ಹೋಗುವುದಿಲ್ಲ, ಕಾಯಂ ಮೇಷ್ಟರ ನೇಮಕಕ್ಕೆ ಹೋಗುವುದಿಲ್ಲ.

ಇನ್ನು ಮೊನ್ನೆ ಮೊನ್ನೆ ಹುಟ್ಟಿದ ಚಿಕ್ಕ ವಿ.ವಿ.ಗಳು. ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಎಂದು 2022ರ ಆಸುಪಾಸಿನಲ್ಲಿ ಜಿಲ್ಲೆಗೊಂದರಂತೆ ಘೋಷಣೆಯಾದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯಲ್ಲಿ ಇಂಥ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ಮಾತೂ ಬಂದು ದೊಡ್ಡ ಗಲಾಟೆಯಾಯಿತು. ಹಾಗಾಗಿ ಕೊಳ್ಳೇಗಾಲದ ಹುಡುಗಿಯ ಮುಂದೆ ಈಗ ಇರುವ ಪ್ರಶ್ನೆ ಅವಳ ಅಣ್ಣನಿಗಿದ್ದ ಪ್ರಶ್ನೆಯಲ್ಲ. ಮನೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಜಿಲ್ಲೆಯ ವಿ.ವಿ.ಯಲ್ಲಿ ಓದುವುದೋ, ಮೈಸೂರಿಗೆ ಹೋಗಿ ಹಾಸ್ಟೆಲ್ ಹಿಡಿಯುವುದೋ? ಮನೆಯಿಂದ ಓಡಾಡುವುದು ಅಗ್ಗ, ಅಮ್ಮನ ಊಟ ಸಿಗುತ್ತದೆ, ಹೆಣ್ಣುಮಗಳು ಕಣ್ಣೆದುರು ಇರುತ್ತಾಳೆ ಎಂದು ಮನೆಯವರಿಗೆ ಸಮಾಧಾನ. ಈ ಲೆಕ್ಕವನ್ನು ಹಗುರ ಮಾಡಿ ಮಾತಾಡುವವರು ಆ ಮನೆಗಳನ್ನು ಕಂಡವರಲ್ಲ. ಆದರೂ ಹಾಸ್ಟೆಲ್ ಸಿಗುವುದಾದರೆ ದೊಡ್ಡ ಕ್ಯಾಂಪಸ್ಸೇ ಮೇಲು ಎನ್ನುತ್ತೇನೆ. ಯಾಕೆಂದು ಮುಂದೆ ಬರುತ್ತದೆ.

ಮೊದಲು ವಿಭಾಗದ ಮಾತು.

ನನ್ನ ಅಕ್ಕನ ಮಗಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದಾಗ ಅವಳ ಜೊತೆ ಒಂದು ವಿ.ವಿ.ಯ ರಸಾಯನಶಾಸ್ತ್ರ ವಿಭಾಗ ನೋಡಲು ಹೋಗಿದ್ದೆ. ಯಾವ ವಿ.ವಿ. ಎಂಬುದು ಇಲ್ಲಿ ಬೇಡ. ವೆಬ್‌ಸೈಟಿನಲ್ಲಿ ಸಾಲಾಗಿ ಪ್ರಾಧ್ಯಾಪಕರ ಫೋಟೊಗಳಿದ್ದವು. ಅಲ್ಲಿ ಹೋಗಿ ನೋಡಿದರೆ ಅರ್ಧಕ್ಕರ್ಧ ಕೋಣೆಗಳಿಗೆ ಬೀಗ. ನಿವೃತ್ತರಾದವರ ನಾಮಫಲಕ ಕೂಡ ತೆಗೆದಿರಲಿಲ್ಲ. ಅವಳು ಕಾರಿಡಾರಿನಲ್ಲಿ ನಿಂತು “ಮಾಮ, ಇಲ್ಲಿ ಪಾಠ ಮಾಡೋರು ಯಾರು ಮತ್ತೆ?” ಎಂದಳು. ಅಲ್ಲೇ ಕೂತಿದ್ದ ಎರಡನೇ ವರ್ಷದ ಹುಡುಗಿಯೊಬ್ಬಳು ನಗುತ್ತ ಹೇಳಿದಳು: “ಗೆಸ್ಟ್ ಸರ್‌ಗಳಿದಾರೆ ಅಕ್ಕ. ಪಾಠ ಚೆನ್ನಾಗೇ ಮಾಡ್ತಾರೆ. ಪ್ರಾಜೆಕ್ಟ್ ಟೈಮಲ್ಲಿ ಮಾತ್ರ ಯಾರ ಹತ್ರ ಹೋಗೋದು ಅಂತ ಗೊತ್ತಾಗಲ್ಲ.”

ಇಡೀ ರಾಜ್ಯದ ಸರ್ಕಾರಿ ವಿ.ವಿ.ಗಳ ಸ್ಥಿತಿ ಆ ಹುಡುಗಿಯ ಮಾತಿನಲ್ಲಿದೆ. ವರ್ಷಗಳಿಂದ ನೇಮಕ ನಡೆಯದೆ ಮಂಜೂರಾದ ಬೋಧಕ ಹುದ್ದೆಗಳಲ್ಲಿ ದೊಡ್ಡ ಪಾಲು ಖಾಲಿ ಬಿದ್ದಿದೆ. ತರಗತಿಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಅವರಲ್ಲಿ ಪಿಎಚ್.ಡಿ. ಆದವರು, ನೆಟ್ ಪಾಸಾದವರು ಬೇಕಾದಷ್ಟು ಮಂದಿ. ಕಾಯಂ ಪ್ರಾಧ್ಯಾಪಕರಿಗಿಂತ ಹೊಸದನ್ನು ಓದಿಕೊಂಡವರೂ ಇದ್ದಾರೆ. ‘ಗೆಸ್ಟ್‌ಗಳೇ ತುಂಬಿದಾರೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅವರಿಗೆ ಮಾಡುವ ಅನ್ಯಾಯ. ಆದರೆ ಅವರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ನಿಮ್ಮನ್ನು ಗುರುತಿಸಿ “ಈ ಪುಸ್ತಕ ಓದಮ್ಮ” ಎಂದವರು ನಾಲ್ಕನೇ ಸೆಮಿಸ್ಟರಿನಲ್ಲಿ ಇನ್ನೊಂದು ಊರಿನಲ್ಲಿರಬಹುದು. ಪಿಎಚ್.ಡಿ.ಗೆ ಹೋಗಬೇಕೆನ್ನುವವರಿಗೆ ಇದು ಸಣ್ಣ ಸಂಗತಿಯಲ್ಲ. ಶಿಫಾರಸು ಪತ್ರ ಬರೆಯುವವರು, ಮಾರ್ಗದರ್ಶಕರಾಗಿ ಸಹಿ ಹಾಕುವವರು, ನಮ್ಮ ಹುಡುಗಿ ಎಂದು ನಾಲ್ಕು ಕಡೆ ಹೇಳುವವರು ಅಲ್ಲೇ ಇರಬೇಕು.

ಹಾಗಾದರೆ ನೋಡುವುದು ಏನನ್ನು? ಭಾನುವಾರ ಮನೆಮಂದಿಯೆಲ್ಲ ಹೋಗಿ ಕ್ಯಾಂಪಸ್ಸಿನ ಮರಗಳನ್ನು ನೋಡಿ ಬರುವುದರಿಂದ ಏನೂ ತಿಳಿಯುವುದಿಲ್ಲ. ಮರಗಳು ಎಲ್ಲ ಕಡೆ ಚೆನ್ನಾಗಿವೆ. ಸೆಮಿಸ್ಟರ್ ನಡೆಯುತ್ತಿರುವಾಗ, ವಾರದ ನಡುವೆ ಹೋಗಬೇಕು. ಅದರಲ್ಲೂ ಮಧ್ಯಾಹ್ನ ಎರಡರ ಮೇಲೆ. ಬೆಳಿಗ್ಗೆ ಎಲ್ಲ ವಿಭಾಗಗಳೂ ಚಟುವಟಿಕೆಯಿಂದ ಇರುತ್ತವೆ. ಊಟದ ಮೇಲೂ ಲ್ಯಾಬಿನಲ್ಲಿ ಬೆಳಕಿದೆಯೇ, ಸಂಶೋಧನಾ ವಿದ್ಯಾರ್ಥಿಗಳು ಕೂತಿದ್ದಾರೆಯೇ, ವೇಳಾಪಟ್ಟಿಯಲ್ಲಿ ಬರೆದ ತರಗತಿ ನಿಜಕ್ಕೂ ನಡೆಯುತ್ತಿದೆಯೇ ಎಂಬುದು ಆಗ ಗೊತ್ತಾಗುತ್ತದೆ. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಅವರು ವಿಭಾಗದ ಮರ್ಯಾದೆ ಬಿಟ್ಟುಕೊಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಕ್ಯಾಂಟೀನಿನಲ್ಲಿ ಎರಡನೇ ವರ್ಷದವರ ಪಕ್ಕ ಕೂತು ಟೀ ಕುಡಿಯಿರಿ. ಕಳೆದ ವರ್ಷ ಎಷ್ಟು ಜನ ಕೆ-ಸೆಟ್, ನೆಟ್ ಪಾಸಾದರು, ಜೆಆರ್‌ಎಫ್ ಯಾರಿಗಾದರೂ ಬಂತೇ ಎಂದು ಕೇಳಿ. ಜೆಆರ್‌ಎಫ್ ಎಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಈಗ ತಿಂಗಳಿಗೆ 37,000 ರೂಪಾಯಿ. ಒಂದು ವಿಭಾಗದಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಅದು ಬರುತ್ತಿದ್ದರೂ ಅಲ್ಲಿ ಓದುವ ವಾತಾವರಣ ಇದೆ ಎಂದೇ ಅರ್ಥ. ಅದು ಹಿರಿಯರಿಂದ ಕಿರಿಯರಿಗೆ, ನೋಟ್ಸಿನ ಜೊತೆಗೇ ದಾಟಿ ಬರುತ್ತದೆ. ವಿಜ್ಞಾನದವರು ಉಪಕರಣಗಳ ವಿಚಾರ ಕೇಳಲೇಬೇಕು. ಉಪಕರಣ ಇದೆಯೇ ಎಂದಲ್ಲ, ಎಂ.ಎಸ್ಸಿ.ಯವರ ಕೈಗೆ ಕೊಡುತ್ತಾರೆಯೇ ಎಂದು. ಗಾಜಿನ ಬಾಗಿಲಾಚೆ ಬಟ್ಟೆ ಹೊದ್ದುಕೊಂಡು ನಿಂತ ಯಂತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ರ್‍ಯಾಂಕಿಂಗ್ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಕೊಡುವಂಥದ್ದು. ನಿಮ್ಮ ವಿಭಾಗದಲ್ಲಿ ನಾಲ್ಕು ಜನ ಮೇಷ್ಟರಿದ್ದಾರೋ ಒಬ್ಬರೇ ಇದ್ದಾರೋ ಅದು ಹೇಳುವುದಿಲ್ಲ.

ಇನ್ನು ಭಾಷೆ. ಇದನ್ನು ಯಾವ ಮಾಹಿತಿ ಪುಸ್ತಿಕೆಯೂ ಹೇಳುವುದಿಲ್ಲ, ಆದರೆ ಎಷ್ಟೋ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಊರಿಗೆ ವಾಪಸಾಗುವುದು ಇದರಿಂದ. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಇಂಗ್ಲಿಷ್ ಮಾಧ್ಯಮವೆಂದೇ ಲೆಕ್ಕ. ಪಾಠ ನಡೆಯುವುದು ಕನ್ನಡದಲ್ಲಿ, ಬರೆಯುವುದು ಬಾಯಿಪಾಠದ ಇಂಗ್ಲಿಷಿನಲ್ಲಿ. ಎಂ.ಎಸ್ಸಿ.ಗೆ ಬಂದಾಗ ಸೆಮಿನಾರ್ ಕೊಡಬೇಕು, ಎದ್ದು ನಿಂತು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ತಾಲ್ಲೂಕಿನಿಂದ ಬಂದ ಹುಡುಗಿಯ ಕಾಲು ನಡುಗುತ್ತದೆ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಾದರೆ ನಡುಗುವವಳು ತರಗತಿಯಲ್ಲಿ ಅವಳೊಬ್ಬಳೇ. ಕಡಗಂಚಿಯ ಕೇಂದ್ರೀಯ ವಿ.ವಿ.ಯಲ್ಲಾದರೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ದೇಶದ ಬೇರೆ ಬೇರೆ ಕಡೆಗಳಿಂದ ಬಂದವರ ನಡುವೆ ಕೂರಬೇಕು. ಕೆಲವರಿಗೆ ಅದೇ ಒಳ್ಳೆಯದು, ಕೆಲವರು ಮೊದಲ ತಿಂಗಳಲ್ಲೇ ಮುದುಡಿಕೊಳ್ಳುತ್ತಾರೆ. ರಾಜ್ಯದ ಹಳೆಯ ವಿ.ವಿ.ಯ ತರಗತಿಯಲ್ಲಿ ನಲವತ್ತು ಜನರಿದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವಳ ಹಾಗೆಯೇ ಬಂದವರು. ಪಾಠ ಹೇಳುವ ಮೇಷ್ಟರೂ ಹಾಗೆಯೇ ಬಂದವರಾಗಿರುತ್ತಾರೆ. ಅರ್ಥವಾಗದ ಜಾಗದಲ್ಲಿ ಅವರು ತಟ್ಟನೆ ಕನ್ನಡಕ್ಕೆ ಹೊರಳುತ್ತಾರೆ, ಮತ್ತೆ ಇಂಗ್ಲಿಷಿಗೆ ಬರುತ್ತಾರೆ. ಸಮಾಜಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯುವ ಅವಕಾಶವೂ ಅನೇಕ ಕಡೆ ಇದೆ. ಇದರಲ್ಲಿ ಒಂದು ಅಪಾಯವೂ ಇದೆ. ಎಲ್ಲರೂ ನನ್ನ ಹಾಗೆಯೇ ಎಂಬ ನೆಮ್ಮದಿಯಲ್ಲಿ ಎರಡು ವರ್ಷ ಕಳೆದು, ಇಂಗ್ಲಿಷಿನಲ್ಲಿ ಒಂದು ಪುಟ ಸ್ವಂತವಾಗಿ ಬರೆಯಲು ಬಾರದೆ ಹೊರಬರುವವರೂ ಇದ್ದಾರೆ. ಆದರೆ ಮೊದಲು ತರಗತಿಯಲ್ಲಿ ಬಾಯಿ ಬಿಡಬೇಕಲ್ಲ. ಬಾಯಿ ಬಿಡಲು ಹೆದರಿಕೆಯಿಲ್ಲದ ಜಾಗ ಮೊದಲು ಬೇಕು ಎನ್ನುವ ಕಡೆಗೇ ನಾನು ವಾಲುತ್ತೇನೆ.

ಹಾಸ್ಟೆಲ್ ಸಿಗುವುದಾದರೆ ದೊಡ್ಡ ಕ್ಯಾಂಪಸ್ಸೇ ಮೇಲು ಎಂದೆನಲ್ಲ, ಅದಕ್ಕೆ ಕಾರಣ ಇದು. ವಿ.ವಿ. ಹಾಸ್ಟೆಲಿನ ಊಟದ ಬಗ್ಗೆ ಯಾರೂ ಒಳ್ಳೆಯ ಮಾತಾಡಿದ್ದು ನಾನು ಕೇಳಿಲ್ಲ. ನೀರಿಗೆ ತಕರಾರು, ಮೆಸ್ ಬಿಲ್ಲಿಗೆ ತಕರಾರು, ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದ ವಿದ್ಯಾರ್ಥಿವೇತನ ಖಾತೆಗೆ ಬೀಳುವ ಹೊತ್ತಿಗೆ ಸೆಮಿಸ್ಟರೇ ಮುಗಿದಿರುತ್ತದೆ. ಅಷ್ಟಾದರೂ ರಾತ್ರಿ ಊಟವಾದ ಮೇಲೆ ಒಂದೇ ಕಾರಿಡಾರಿನಲ್ಲಿ ಭೂಗರ್ಭಶಾಸ್ತ್ರದವನು, ಜಾನಪದದವನು, ಗಣಿತದವನು, ಪತ್ರಿಕೋದ್ಯಮದವನು ಕೂತು ಹರಟುವುದು ಬೇರೆಲ್ಲಿ ಸಾಧ್ಯ? ಖಾಸಗಿ ಸಂಸ್ಥೆಗಳಲ್ಲಿ ಇರುವುದು ಬೇಡಿಕೆಯಿರುವ ಕೋರ್ಸುಗಳು. ಹಸ್ತಪ್ರತಿ ಶಾಸ್ತ್ರ, ಭಾಷಾವಿಜ್ಞಾನ, ಮಾನವಶಾಸ್ತ್ರ, ಪ್ರಾಚೀನ ಇತಿಹಾಸ ಇವೆಲ್ಲ ಉಳಿದಿದ್ದರೆ ಸರ್ಕಾರಿ ವಿ.ವಿ.ಗಳಲ್ಲೇ. ಎಪ್ಪತ್ತರ ದಶಕದಲ್ಲಿ ಕನ್ನಡ ಸಾಹಿತ್ಯದ ದಿಕ್ಕು ಬದಲಿಸಿದ ದಲಿತ ಲೇಖಕರ ತಲೆಮಾರು, ದೇವನೂರ ಮಹಾದೇವ ಮೈಸೂರಿನಲ್ಲಿ, ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ, ರೂಪುಗೊಂಡದ್ದು ಇಂಥ ಸಾರ್ವಜನಿಕ ಕ್ಯಾಂಪಸ್ಸುಗಳ, ಸರ್ಕಾರಿ ಹಾಸ್ಟೆಲುಗಳ ಸುತ್ತಲೇ. ಸಿಲಬಸ್ಸು ಅವರನ್ನು ಹಾಗೆ ಮಾಡಲಿಲ್ಲ. ಅಕ್ಕಪಕ್ಕದ ಕೋಣೆಗಳು ಮಾಡಿದವು.

ಅಕ್ಕಪಕ್ಕ ಎಂದರೆ ಕೋಣೆಗಳಷ್ಟೇ ಅಲ್ಲ. ಮಾನಸಗಂಗೋತ್ರಿಗೆ ಸೇರಿದವನಿಗೆ ನಡೆದು ಹೋಗುವ ದೂರದಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವಿದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಊರೊಳಗೆ ಸಿಎಫ್‌ಟಿಆರ್‌ಐ ಇದೆ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರು ವಿ.ವಿ.ಯದೇ ಸಂಸ್ಥೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಕಂಡುಕೊಂಡದ್ದು ಅಲ್ಲಿ. ಒಬ್ಬ ರಾಜ್ಯಶಾಸ್ತ್ರದ ವಿದ್ಯಾರ್ಥಿ ಎರಡು ವರ್ಷ ಮೈಸೂರಿನಲ್ಲಿದ್ದು ಪರೀಕ್ಷೆಯಲ್ಲಿ ಕೌಟಿಲ್ಯನ ಬಗ್ಗೆ ಹತ್ತು ಅಂಕದ ಉತ್ತರ ಬರೆದು, ಆ ಕಟ್ಟಡದೊಳಗೆ ಒಮ್ಮೆಯೂ ಕಾಲಿಡದೆ ಊರಿಗೆ ಮರಳಬಲ್ಲ. ಯಾರೂ ಅವನನ್ನು ಕೈಹಿಡಿದು ಕರೆದೊಯ್ಯುವುದಿಲ್ಲ. ಧಾರವಾಡದಲ್ಲೂ ಹೀಗೆಯೇ: ಗುಡ್ಡದ ಮೇಲೆ ವಿ.ವಿ., ಊರಾಚೆ ಕೃಷಿ ವಿ.ವಿ., ಈಗ ಐಐಟಿ, ಇಷ್ಟರ ನಡುವೆ ವಾರಕ್ಕೆ ನಾಲ್ಕು ಸಂಜೆ ಎಲ್ಲಾದರೂ ಒಂದು ಭಾಷಣ, ಒಂದು ಸಂಗೀತ ಕಛೇರಿ. ಓದಿನೊಳಗೂ ಬೇರೆ ವಿಭಾಗದ ಒಂದು ಮುಕ್ತ ಆಯ್ಕೆಯ ವಿಷಯ ತೆಗೆದುಕೊಳ್ಳಬೇಕು ಎಂಬ ನಿಯಮ ಅನೇಕ ಕಡೆ ಇದೆ. ಹುಡುಗರು ಸಾಮಾನ್ಯವಾಗಿ ಸುಲಭವಾಗಿ ಅಂಕ ಬರುವುದನ್ನೋ ಕಟ್ಟಡ ಹತ್ತಿರವಿರುವುದನ್ನೋ ಆರಿಸುತ್ತಾರೆ. ಅದನ್ನು ಸರಿಯಾಗಿ ಬಳಸಿಕೊಂಡವರಿಗೆ ಮಾತ್ರ ದೊಡ್ಡ ವಿ.ವಿ.ಯಲ್ಲಿ ಓದಿದ ಲಾಭ. ಉಳಿದವರು ದೊಡ್ಡ ಕ್ಯಾಂಪಸ್ಸಿನಲ್ಲಿ ಚಿಕ್ಕ ಕಾಲೇಜೊಂದನ್ನು ಓದಿ ಬರುತ್ತಾರೆ.

ಆದ್ದರಿಂದ ಯಾರು ಹೋಗಬಾರದು ಎಂಬುದನ್ನೂ ಹೇಳಬೇಕು. ಯಾರಾದರೂ ಬೆನ್ನ ಹಿಂದೆ ನಿಂತರೆ ಮಾತ್ರ ಓದುವ ಸ್ವಭಾವದವರಿಗೆ ಇದು ಕಷ್ಟದ ಜಾಗ. ಇಲ್ಲಿ ಹಾಜರಾತಿ ಕಡಿಮೆಯಾದರೆ ಅಪ್ಪನಿಗೆ ಮೆಸೇಜು ಹೋಗುವುದಿಲ್ಲ. ಎಂ.ಕಾಂ., ಎಂಬಿಎ ಮುಗಿದ ಕೂಡಲೇ ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಬೇಕು, ಸಾಲ ತೀರಿಸಬೇಕು ಎನ್ನುವವರು ಕ್ಯಾಂಪಸ್ ಸಂದರ್ಶನಗಳ ವಿಚಾರವನ್ನು ವಿಭಾಗದಲ್ಲೇ ಕೇಳಿಕೊಳ್ಳಬೇಕು. ಕೆಲವು ಖಾಸಗಿ ಕಾಲೇಜುಗಳು ಈ ಒಂದು ಕೆಲಸವನ್ನು ನಿಜವಾಗಿಯೂ ಚೆನ್ನಾಗಿ ಮಾಡುತ್ತವೆ. ಫಲಿತಾಂಶ ತಡವಾಗುವುದು, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಕಾಗುಣಿತ ತಪ್ಪುವುದು, ಪರೀಕ್ಷಾಂಗ ವಿಭಾಗದ ಕಿಟಕಿಯಿಂದ ಕಿಟಕಿಗೆ ಅಲೆಯುವುದು, ಇದನ್ನೆಲ್ಲ ತಡೆದುಕೊಳ್ಳುವ ಸಹನೆ ಇಲ್ಲದವರೂ ಯೋಚಿಸಬೇಕು. ಯುಯುಸಿಎಂಎಸ್ ಎಂಬ ಏಕೀಕೃತ ಪೋರ್ಟಲ್ ಬಂದಮೇಲೆ ಅರ್ಜಿ, ಶುಲ್ಕ, ಫಲಿತಾಂಶ ಎಲ್ಲ ಮೊಬೈಲಿಗೇ ಬರುತ್ತವೆ. ಪೋರ್ಟಲ್ಲಿನಲ್ಲಿ ತಪ್ಪಾದದ್ದನ್ನು ಸರಿಮಾಡಿಸಲು ಮಾತ್ರ ಅದೇ ಕಿಟಕಿಗೇ ಹೋಗಬೇಕು.

ದುಡ್ಡಿನ ಲೆಕ್ಕ ನೇರವಾಗಿದೆ. ಸರ್ಕಾರಿ ಸೀಟಿನ ಶುಲ್ಕ ಸಾವಿರಗಳಲ್ಲಿ, ಖಾಸಗಿ ವಿ.ವಿ.ಗಳದು ಲಕ್ಷಗಳಲ್ಲಿ. ಆದರೆ ಸರ್ಕಾರಿ ವಿ.ವಿ.ಯೊಳಗೇ ‘ಪೇಮೆಂಟ್ ಸೀಟು’ ಎಂಬುದೊಂದಿದೆ. ಅದೇ ತರಗತಿ, ಅದೇ ಬೆಂಚು, ಶುಲ್ಕ ಮಾತ್ರ ಹಲವು ಪಟ್ಟು. ಮೆರಿಟ್ ಪಟ್ಟಿಯಲ್ಲಿ ಸ್ವಲ್ಪದರಲ್ಲಿ ತಪ್ಪಿಹೋದವರು ಆತುರದಲ್ಲಿ ಇದಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಅಷ್ಟು ದುಡ್ಡು ಕೊಡುವುದಾದರೆ ಇನ್ನೊಂದು ಊರಿನ ವಿ.ವಿ.ಯಲ್ಲಿ ಅದೇ ವಿಷಯಕ್ಕೆ ಮೆರಿಟ್ ಸೀಟು ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ಮೈಸೂರಿನಲ್ಲಿ ಸಿಗದ ಭೌತಶಾಸ್ತ್ರ ಶಂಕರಘಟ್ಟದಲ್ಲೋ ಕೊಣಾಜೆಯಲ್ಲೋ ಸಿಗಬಹುದು, ಅಲ್ಲಿಯ ವಿಭಾಗ ಇದಕ್ಕಿಂತ ಗಟ್ಟಿಯಾಗಿಯೂ ಇರಬಹುದು.

ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ‘ಸರ್ಕಾರಿ ಯೂನಿವರ್ಸಿಟಿಯಾ?’ ಎಂದು ಮುಖ ಸಿಂಡರಿಸುವ ಬೆಂಗಳೂರಿನ ಅದೇ ಮನೆಗಳು ಮಗನನ್ನು ಅಮೆರಿಕಕ್ಕೆ ಕಳಿಸುವಾಗ ಸಾಲ ಮಾಡಿ ಸೇರಿಸುವುದು ಬಹುಪಾಲು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೇ. ಅರಿಜೋನಾ ಸ್ಟೇಟ್, ಪರ್ಡ್ಯೂ, ಒಹಾಯೊ ಸ್ಟೇಟ್ ಇವೆಲ್ಲ ಆಯಾ ರಾಜ್ಯದ ಸಾರ್ವಜನಿಕ ಸಂಸ್ಥೆಗಳು. ಅದರಲ್ಲಿ ಪರ್ಡ್ಯೂ, ಒಹಾಯೊ ಸ್ಟೇಟ್‌ನಂಥವು 1862ರಲ್ಲಿ ಅಲ್ಲಿನ ಸರ್ಕಾರ ಕೃಷಿ, ತಾಂತ್ರಿಕ ಶಿಕ್ಷಣಕ್ಕೆಂದು ಜಮೀನು ಕೊಟ್ಟು ಕಟ್ಟಿಸಿದ ಪರಂಪರೆಯವು. ಹೆಸರಿಗೆ ಸರ್ಕಾರಿಯಾದರೂ ಆ ರಾಜ್ಯದವರಿಗೊಂದು ಶುಲ್ಕ, ಹೊರಗಿನವರಿಗೆ ಅದರ ಎರಡು ಮೂರು ಪಟ್ಟು. ಮೈಸೂರು ವಿ.ವಿ.ಯ ಬಿ.ಎಸ್ಸಿ. ಪದವೀಧರ ಸಿ.ಎನ್.ಆರ್. ರಾವ್ 1958ರಲ್ಲಿ ಪಿಎಚ್.ಡಿ. ಪಡೆದದ್ದು ಪರ್ಡ್ಯೂದಲ್ಲಿ. ರಾಮಾನುಜನ್ ಭಾಷಾವಿಜ್ಞಾನದ ಪಿಎಚ್.ಡಿ. ಮಾಡಿದ್ದು ಇಂಡಿಯಾನಾದಲ್ಲಿ, ಅದೂ ಸಾರ್ವಜನಿಕ ವಿಶ್ವವಿದ್ಯಾಲಯವೇ. ಅಲ್ಲಿಯೂ ಪದವಿ ತರಗತಿಗಳಲ್ಲಿ ನೂರಾರು ಜನ ಒಂದೇ ಹಾಲಿನಲ್ಲಿ ಕೂರುತ್ತಾರೆ, ಪ್ರಾಧ್ಯಾಪಕರ ಮುಖ ದೂರದಿಂದ ಕಾಣುತ್ತದೆ, ಉತ್ತರಪತ್ರಿಕೆ ತಿದ್ದುವವರು ಸಂಶೋಧನಾ ವಿದ್ಯಾರ್ಥಿಗಳು. ಎಂ.ಎಸ್.ಗೆ ಹೋಗುವ ನಮ್ಮ ಹುಡುಗರು ಆಗ ಮಾತ್ರ ಯಾವ ಪ್ರಾಧ್ಯಾಪಕ, ಯಾವ ಲ್ಯಾಬು, ಯಾರಿಗೆ ಅನುದಾನ ಬಂದಿದೆ ಎಂದು ತಿಂಗಳುಗಟ್ಟಲೆ ಹುಡುಕಿ ನೋಡುತ್ತಾರೆ. ಅದರ ಕಾಲು ಭಾಗ ಶ್ರಮವನ್ನು ಜ್ಞಾನಭಾರತಿಯ ವಿಚಾರದಲ್ಲಿ ಯಾರೂ ಪಡುವುದಿಲ್ಲ. ಮೆಟ್ರೊ ಹತ್ತಿದರೆ ಆ ಹೆಸರಿನ ನಿಲ್ದಾಣವೇ ಇದೆ.

ಇಷ್ಟೆಲ್ಲ ವಿಚಾರ ಮಾಡಿದರೂ ಕೊನೆಗೆ ಎಷ್ಟೋ ಮನೆಗಳಲ್ಲಿ ನಿರ್ಧಾರ ಮಾಡುವುದು ಕ್ಯಾಲೆಂಡರು. ಖಾಸಗಿ ಸಂಸ್ಥೆಗಳ ಪ್ರವೇಶ ಡಿಗ್ರಿ ಪರೀಕ್ಷೆ ಮುಗಿಯುವ ಮುಂಚೆಯೇ ಶುರುವಾಗಿರುತ್ತದೆ. ಸರ್ಕಾರಿ ವಿ.ವಿ.ಗಳು ಆರನೇ ಸೆಮಿಸ್ಟರಿನ ಫಲಿತಾಂಶ ಬಂದು, ಅರ್ಜಿ ಕರೆದು, ಪ್ರವೇಶ ಪರೀಕ್ಷೆಯೋ ಮೆರಿಟ್ ಪಟ್ಟಿಯೋ ಮುಗಿಸಿ, ಸೀಟು ಹಂಚುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ನಡುವೆ ಪದವಿಯ ಅವಧಿಯೇ ಬದಲಾಗಿ ಗೊಂದಲ ಇನ್ನಷ್ಟು ಹೆಚ್ಚಿತು. 2021-22ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯನ್ನು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಸಲಾಯಿತು. ಹೆದರಿದ ಅಪ್ಪ ಜೂನಿನಲ್ಲೇ ಖಾಸಗಿ ಕಾಲೇಜಿಗೆ ಅರ್ಧ ಶುಲ್ಕ ಕಟ್ಟಿ, ಟಿ.ಸಿ., ಮಾರ್ಕ್ಸ್ ಕಾರ್ಡ್ ಎಲ್ಲ ಅಲ್ಲಿ ಕೊಟ್ಟು ಬಂದಿರುತ್ತಾರೆ. ಆಮೇಲೆ ವಿ.ವಿ.ಯಲ್ಲಿ ಒಳ್ಳೆಯ ವಿಭಾಗದಲ್ಲೇ ಸೀಟು ಬಂದರೂ “ಕಟ್ಟಿದ ದುಡ್ಡು ಹೋಯ್ತದೆ, ಒರಿಜಿನಲ್ಸ್ ಕೊಡಲ್ಲ ಅಂತಾರೆ” ಎಂದು ಸುಮ್ಮನಾಗುತ್ತಾರೆ.

ಇದು ಹೀಗೇ ಆಗಬೇಕಾಗಿಲ್ಲ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಯಾವ ಸಂಸ್ಥೆಯೂ ವಿದ್ಯಾರ್ಥಿಯ ಮೂಲ ದಾಖಲೆಗಳನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಡಿ, ತಾಳೆ ಮಾಡಿ ಅಲ್ಲೇ ಹಿಂದಿರುಗಿಸಬೇಕು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮುಂಚೆ ಸೀಟು ಬಿಟ್ಟರೆ ಸಣ್ಣ ಮೊತ್ತ ಹಿಡಿದು ಉಳಿದ ಶುಲ್ಕವನ್ನೆಲ್ಲ ವಾಪಸು ಕೊಡಬೇಕು. ಕೊನೆಯ ದಿನ ಕಳೆದು ಹದಿನೈದು ದಿನದೊಳಗೆ ಬಿಟ್ಟರೂ ಶೇ 80ರಷ್ಟು ಬರಬೇಕು. ಆಮೇಲಿನ ವರ್ಷಗಳಲ್ಲಿ ಯುಜಿಸಿ ಆಯಾ ವರ್ಷಕ್ಕೆ ಇನ್ನೂ ಉದಾರವಾದ ದಿನಾಂಕಗಳನ್ನು ಕೊಟ್ಟದ್ದೂ ಇದೆ. ಕಾಲೇಜಿನ ಕಚೇರಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಶುಲ್ಕ ಕಟ್ಟುವ ದಿನವೇ ರಸೀದಿಯ ಜೊತೆ ಪ್ರವೇಶದ ಕೊನೆಯ ದಿನಾಂಕವನ್ನೂ ಬರೆಸಿಕೊಳ್ಳಿ, ಟಿ.ಸಿ.ಯ ನಕಲು ಮಾತ್ರ ಕೊಡಿ, ಮೂಲಪ್ರತಿ ಕೇಳಿದರೆ ಅಧಿಸೂಚನೆಯ ಹೆಸರು ಹೇಳಿ. ವಿ.ವಿ.ಯ ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಫೈಲು ಮುಚ್ಚಿಡಬೇಡಿ. ಮೊದಲ ಪಟ್ಟಿಯ ಎಷ್ಟೋ ಜನ ಅಷ್ಟು ಹೊತ್ತಿಗೆ ಬೇರೆಲ್ಲೋ ಸೇರಿರುತ್ತಾರೆ, ಬರುವುದೇ ಇಲ್ಲ. ಎರಡನೇ ಪಟ್ಟಿ, ಮೂರನೇ ಪಟ್ಟಿ ಬರುತ್ತವೆ, ಕೊನೆಗೆ ಉಳಿದ ಸೀಟುಗಳಿಗೆ ವಿಭಾಗದಲ್ಲೇ ಕೌನ್ಸೆಲಿಂಗ್ ನಡೆಯುವುದೂ ಉಂಟು. ಅಂಥ ದಿನ ಶುಲ್ಕ ಕಟ್ಟಲು, ದಾಖಲೆ ತರಲು ಹೆಚ್ಚು ಸಮಯ ಕೊಡುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಇವತ್ತೇ ಅರ್ಜಿ ಹಾಕಿ.